ಕಾಸು ಬಿಚ್ಚದೆ ಉಚ್ಚಂಗಿದುರ್ಗ ನೋಡುವ ಕ್ರಮ

ಮೊದಲು ದಿನ ಗೊತ್ತುಮಾಡಿಕೊಳ್ಳಿ. ಖಾಲಿ ದಿನ ಹೋದರೆ ನಿಮ್ಮ ಊಟ ನೀವೇ ಕೊಳ್ಳಬೇಕಾದೀತು. ಭರತ ಹುಣ್ಣಿಮೆಗೋ ಯುಗಾದಿ ಜಾತ್ರೆಗೋ ಹೊರಡಿ. ಸಾವಿರಾರು ಜನ ಗಂಟುಮೂಟೆ ಹೊತ್ತು ಬಂದಿರುತ್ತಾರೆ. ನೀವು ಕೈಬೀಸಿಕೊಂಡು ಹೋದರೆ ಸಾಕು.

ಬಸ್ಸಿಗೆ ಒಬ್ಬರೇ ಹತ್ತಬೇಡಿ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ದಾವಣಗೆರೆಯಲ್ಲಿ ಹೆಂಡತಿಯನ್ನು ಮುಂದೆ ಬಿಟ್ಟು ಸೀಟು ಹಿಡಿಸಿ. ನಿಮ್ಮ ಟಿಕೆಟ್ಟಿಗೆ ಶಕ್ತಿ ಯೋಜನೆಯಲ್ಲಿ ಇನ್ನೂ ಪರಿಹಾರ ಬಂದಿಲ್ಲ. ಹಾಗಾಗಿ ಪಕ್ಕದವರನ್ನು "ನಿಮ್ದು ಯಾವೂರ್ರೀ?" ಎಂದು ಮಾತಿಗೆಳೆಯಿರಿ. ಕಂಚಿಕೆರೆ ಅಂದರೆ, "ಹಂಗಾರ ನೀವು ನಮಗೆ ಬೀಗರಾಗ್ಬೇಕು" ಅನ್ನಿ. ಕಂಡಕ್ಟರ್ ಬಂದಾಗ ನಿಧಾನಕ್ಕೆ ಜೇಬು ತಡಕಿ. ಬೀಗರಾದವರು ನೋಡಿಕೊಂಡು ಸುಮ್ಮನಿರುವುದಿಲ್ಲ.

ಗುಡ್ಡ ಹತ್ತುವಾಗ ಗೈಡ್ ಹುಡುಕಬೇಡಿ. ಇಷ್ಟು ಬಾಯಿಪಾಠ ಮಾಡಿ. ಇಲ್ಲಿ ನೊಳಂಬರಿದ್ದರು, ಆಮೇಲೆ ಉಚ್ಚಂಗಿ ಪಾಂಡ್ಯರು. ಗಂಗರ ಮಾರಸಿಂಹ ನೊಳಂಬರನ್ನು ಬಡಿದು ನೊಳಂಬಕುಲಾಂತಕ ಎನಿಸಿಕೊಂಡ. ಹೊಯ್ಸಳ ವೀರಬಲ್ಲಾಳ ಈ ಕೋಟೆ ಗೆದ್ದು ಗಿರಿದುರ್ಗಮಲ್ಲನಾದ. ಒಬ್ಬೊಬ್ಬರೂ ಆನೆ, ಕುದುರೆ, ದಂಡು ಅಂತ ಬೊಕ್ಕಸ ಕರಗಿಸಿದರು. ಬರೀ ದುಂದು. ನೀವು ಅದೇ ಕೋಟೆಯನ್ನು ಚಪ್ಪಲಿ ಸವೆತದಲ್ಲಿ ಗೆಲ್ಲುತ್ತೀರಿ. ಸವೆತವೂ ದುಬಾರಿ ಅನಿಸಿದರೆ ಚಪ್ಪಲಿ ಚೀಲಕ್ಕೆ ತುರುಕಿ, ಹರಕೆ ಎಂದು ಹೇಳಿ ಬರಿಗಾಲಲ್ಲಿ ಹತ್ತಿ.

ಗುಡ್ಡದ ಮೇಲಿನ ಗುಡಿಯಲ್ಲಿ ಅಮ್ಮನ ದರ್ಶನ ಬೇಗ ಮುಗಿಸಿ. ಮಂಗಳಾರತಿ ತಟ್ಟೆ ಹತ್ತಿರ ಬಂದಾಗ ಕಣ್ಣು ಮುಚ್ಚಿ. ತಟ್ಟೆ ದಾಟುವವರೆಗೂ ಭಕ್ತಿ ಬಿಡಬೇಡಿ.

ಈಗ ಮುಖ್ಯ ಕೆಲಸ. ಕೆಳಗೆ ಹಾಲಮ್ಮನ ತೋಪಿಗೆ ಇಳಿಯಿರಿ. ಅಲ್ಲಿ ಮೂರು ಕಲ್ಲು ಹೂಡಿದ ಒಲೆಗಳು ಉರಿಯುತ್ತಿರುತ್ತವೆ. ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ಕೂತ ಮುದುಕಿ, ಬುಟ್ಟಿಯಲ್ಲಿ ಹೋಳಿಗೆ, ಎಣ್ಣೆ ತೇಲುವ ಬದನೆಕಾಯಿ ಪಲ್ಯ: ಇಂಥ ಒಲೆ ಆರಿಸಿ. ಊಟ ಕೇಳಬೇಡಿ, ಮರ್ಯಾದೆಯಲ್ಲ. "ಎಡೆ ಆಯ್ತೇನವ್ವಾ?" ಎಂದಷ್ಟೇ ಕೇಳಿ. "ಬರ್ರಿ ಯಣ್ಣಾ, ಉಣ್ಣಾಕ ಕುಂದುರ್ರಿ" ಎಂಬ ಕರೆ ಬಂದೇ ಬರುತ್ತದೆ. ಒಂದು ಸಲ ಬೇಡ ಅನ್ನಿ. ಎರಡನೇ ಸಲ ಕೂತುಬಿಡಿ. ಮೂರನೆಯದಕ್ಕೆ ಕಾಯುವುದು ಅಪಾಯ. ಜೋಗಮ್ಮರನ್ನು ಕೂರಿಸಿ ಪಡ್ಲಗಿ ತುಂಬಿಸುವುದು ಮುಗಿಯುವ ತನಕ ತಾಳ್ಮೆ ಇರಲಿ. ಇವರು ಎಷ್ಟು ದಿನದ ಕೂಲಿ ಬಿಟ್ಟು ಬಂದರು, ಬೆಲ್ಲ ಬೇಳೆಗೆ ಎಲ್ಲಿ ಸಾಲ ತಂದರು ಎಂದು ವಿಚಾರಿಸಬೇಡಿ. ಉಂಡದ್ದು ಜೀರ್ಣವಾಗುವುದಿಲ್ಲ.

ಕೈ ತೊಳೆದು ಸಂಸ್ಕೃತಿಗೆ ಬನ್ನಿ. ಚೌಡಿಕೆ ಕೇಳಿಸಿದತ್ತ ನಡೆಯಿರಿ. ಎದುರಿಗೇ ನಿಂತು ಪೂರ್ತಿ ಹಾಡನ್ನು ವಿಡಿಯೊ ಮಾಡಿ. ಹಾಡಿದ ಕೈ ನಿಮ್ಮತ್ತ ಚಾಚಿದಾಗ ಫೋನು ಕಿವಿಗೆ ಹೋಗಲಿ: "ಹಲೋ, ನೆಟ್‌ವರ್ಕ್ ಇಲ್ಲ!" ಆ ವಿಡಿಯೊವನ್ನು ಫೇಸ್‌ಬುಕ್ಕಿಗೆ ಹಾಕುವಾಗ, ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದದ್ದನ್ನು ಹೆಮ್ಮೆಯಿಂದ ಸೇರಿಸಿ. ಹೆಮ್ಮೆಗೆ ಖರ್ಚಿಲ್ಲ. ಒಂದು ಎಚ್ಚರಿಕೆ: ದೇವದಾಸಿ ಬಿಡುವುದನ್ನು ಕರ್ನಾಟಕ 1982ರ ಕಾಯ್ದೆಯಲ್ಲೇ ನಿಷೇಧಿಸಿದೆ, ಆದರೂ ಕೊರಳಲ್ಲಿ ಮುತ್ತು ಇರುವ ಅಜ್ಜಿಯರು ಸಿಗುತ್ತಾರೆ. ಅವರ ಪಕ್ಕ ಕೂತು ಕತೆ ಕೇಳಬೇಡಿ. ಕೇಳಿದವರ ಕೈ ತಾನಾಗಿ ಜೇಬಿಗೆ ಹೋಗುತ್ತದೆ.

ಹೊತ್ತು ಮಿಕ್ಕರೆ ಇದೇ ಹರಪನಹಳ್ಳಿ ತಾಲ್ಲೂಕಿನ ಬಾಗಳಿಗೆ ಹೋಗಿ. ಕಲ್ಲೇಶ್ವರನ ಮಂಟಪದ ಕಂಬದ ಕೆತ್ತನೆಗಳ ಬಗ್ಗೆ ವಿದ್ವಾಂಸರು ಬಹಳ ಬರೆದಿದ್ದಾರೆ, ನೆಲದ ಬಗ್ಗೆ ಕಡಿಮೆ. ಚಾಲುಕ್ಯರ ಕಾಲದ ಆ ನೆಲ ಮಧ್ಯಾಹ್ನದ ನಿದ್ದೆಗೆ ಏಸಿ ರೂಮಿಗಿಂತ ತಂಪು.

ಊರಿಗೆ ಮರಳಿದ ಮೇಲೆ ಮುಖ ತೊಳೆಯುವ ಆತುರ ಬೇಡ. ಹಣೆಗೆ ಯಾರೋ ಹಚ್ಚಿದ ಭಂಡಾರವನ್ನು ಹುಷಾರಾಗಿ ಉದುರಿಸಿ, ಹಳೇ ಪೇಪರಿನ ಚೂರುಗಳಲ್ಲಿ ಪೊಟ್ಟಣ ಕಟ್ಟಿ, ಅಕ್ಕಪಕ್ಕದ ಮನೆಗಳಿಗೆ ಅಮ್ಮನ ಪ್ರಸಾದವೆಂದು ಹಂಚಿ. ಅವರು ಕಣ್ಣಿಗೊತ್ತಿಕೊಂಡು ಹತ್ತೋ ಇಪ್ಪತ್ತೋ ಕಾಣಿಕೆ ಕೊಟ್ಟರೆ, ಹುಂಡಿಗೆ ಹಾಕುತ್ತೇವೆ ಎಂದು ಹೇಳಿ ತೆಗೆದುಕೊಳ್ಳಿ. ಯಾವ ಹುಂಡಿ ಎಂದು ಯಾರೂ ಕೇಳುವುದಿಲ್ಲ.