ತರ್ಟಿ-ಫಾರ್ಟಿ ಮೀಮಾಂಸೆ

ಬೆಂಗಳೂರಿನ 30×40 ಸೈಟಿನ ಮೇಲೆ ಏಳುವ ಬಾಡಿಗೆ ಮನೆಗಳ ಕಟ್ಟಡದ ಬಗ್ಗೆ ಮೇಸ್ತ್ರಿಗಳು, ಬ್ಯಾಂಕಿನವರು, ವಕೀಲರು ಬೇಕಾದಷ್ಟು ಚಿಂತಿಸಿದ್ದಾರೆ. ಶಾಸ್ತ್ರಜ್ಞರು ಮಾತ್ರ ಅತ್ತ ತಿರುಗಿ ನೋಡಿಲ್ಲ. ಈ ಕೊರತೆಯನ್ನು ನೀಗಲು ವಿಷಯದಿಂದ ಪ್ರಯೋಜನದವರೆಗೆ ಹೆಜ್ಜೆ ಹೆಜ್ಜೆಯಾಗಿ ವಾದಿಸುವ ಮೀಮಾಂಸಕರ ಅಧಿಕರಣ ಪದ್ಧತಿಯನ್ನೇ ಹಿಡಿದು ಪ್ರಸ್ತುತ ಪ್ರಬಂಧವನ್ನು ರಚಿಸಲಾಗಿದೆ. ಶುಲ್ಬಸೂತ್ರಕಾರರು ಯಜ್ಞವೇದಿಯ ಅಳತೆಗೆ ಕೊಟ್ಟ ಗಮನವನ್ನು ನಾವು ಸೆಟ್‌ಬ್ಯಾಕಿಗೆ, ಅಂದರೆ ಕಟ್ಟಡದ ಸುತ್ತ ಬಿಡಬೇಕಾದ ಜಾಗಕ್ಕೆ ಕೊಟ್ಟಿದ್ದೇವೆ.

ವಿಷಯ

ಸೈಟು 1200 ಚದರಡಿ. ಪ್ರಮಾಣಗ್ರಂಥಗಳು ಎರಡು: 2003ರ ಕಟ್ಟಡ ಉಪವಿಧಿ ಮತ್ತು 2007ರಲ್ಲಿ ಜಾರಿಗೆ ಬಂದ ‘ಪರಿಷ್ಕೃತ ಮಾಸ್ಟರ್ ಪ್ಲಾನ್ 2015’. ಎರಡನೆಯದರ ಮುಂದಿನ ಆವೃತ್ತಿ 2031ಕ್ಕೆಂದು ಸಿದ್ಧವಾಗಿ, ಕರಡಿನಲ್ಲೇ ಉಳಿದು, 2020ರಲ್ಲಿ ವಾಪಸಾಯಿತು. ಹೀಗಾಗಿ 2015ಕ್ಕೇ ಮುಗಿಯಬೇಕಿದ್ದ ಭವಿಷ್ಯದಲ್ಲಿ ಊರು ಇಂದಿಗೂ ವಾಸವಾಗಿದೆ.

ಈ ಎರಡನೆಯ ಗ್ರಂಥದ ಆದೇಶ ಸರಳ. ಸೈಟಿನ ಶೇ 75ರಷ್ಟನ್ನು ಮಾತ್ರ ಮುಚ್ಚಬಹುದು, ಅಂದರೆ 900 ಚದರಡಿ. ಎಫ್‌ಎಆರ್ 1.75, ಅಂದರೆ ಎಲ್ಲ ಮಹಡಿಗಳೂ ಸೇರಿ 2100 ಚದರಡಿ. ಭಾಗಿಸಿ ನೋಡಿದರೆ ಎರಡು ಪೂರ್ಣ ಮಹಡಿಗಳೂ ಮೇಲೆ ಮೂರನೇ ಒಂದು ಪಾಲು ಮಹಡಿಯೂ ದಕ್ಕುತ್ತವೆ. ಈ ಮೂರನೇ ಒಂದು ಪಾಲು ಮಹಡಿಯನ್ನು ಬೆಂಗಳೂರಿನಲ್ಲಿ ಕಣ್ಣಾರೆ ಕಂಡವರು ವಿರಳ.

ಸಂಶಯ

ಬೀದಿಗೆ ಬಂದರೆ ಅದೇ ಸೈಟಿನ ಮೇಲೆ ನಾಲ್ಕು ಮಹಡಿ, ಅದರ ಮೇಲೊಂದು ಪೆಂಟ್‌ಹೌಸ್. ನೆಲಮಹಡಿಗಿಂತ ಮೊದಲ ಮಹಡಿ ಅಗಲ. ಸಜ್ಜೆಯ ನೆಪದಲ್ಲಿ ಹೊರಟ ಕಾಂಕ್ರೀಟು ಬೆಡ್‌ರೂಮಾಗಿ ರಸ್ತೆಯ ಮೇಲೆ ನಿಂತಿದೆ. ಪಾರ್ಕಿಂಗ್ ಎಂದು ಎಫ್‌ಎಆರ್ ಲೆಕ್ಕದಿಂದ ತಪ್ಪಿಸಿಕೊಂಡ ಸ್ಟಿಲ್ಟಿನಲ್ಲಿ ಪಿಜಿಯ ಅಡುಗೆಮನೆ ಹೊಗೆಯಾಡುತ್ತಿದೆ, ಕಾರು ರಸ್ತೆಯಲ್ಲಿದೆ.

ಆಸ್ತಿ ದಾಖಲೆಯಲ್ಲಿ ಶಾಖಾಭೇದವೂ ಉಂಟು. ಪಾಲಿಕೆ ಶಾಖೆಯವರು ಎ ಖಾತಾ, ಬಿ ಖಾತಾ ಎಂಬ ಪಾಠಗಳನ್ನೂ, ಪಂಚಾಯಿತಿ ಶಾಖೆಯವರು ನಮೂನೆ 9, ನಮೂನೆ 11 ಎಂಬ ಪಾಠಗಳನ್ನೂ ಅನುಸರಿಸುತ್ತಾರೆ. ಊರಂಚಿನಲ್ಲಿ ಒಂದೇ ರಸ್ತೆಯ ಎಡಕ್ಕೊಂದು ಶಾಖೆ, ಬಲಕ್ಕೊಂದು ಶಾಖೆ. ಕಟ್ಟಡ ನೋಡಿ ಶಾಖೆ ಹೇಳಬಲ್ಲ ಪಂಡಿತ ಇನ್ನೂ ಹುಟ್ಟಿಲ್ಲ. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾದಾಗಲೂ ಸಜ್ಜೆಗಳು ಒಂದಿಂಚೂ ಹಿಂದೆ ಸರಿದ ವರ್ತಮಾನವಿಲ್ಲ.

ಆದ್ದರಿಂದ ಸಂಶಯ: ಗ್ರಂಥ ಪ್ರಮಾಣವೋ, ಕಟ್ಟಡ ಪ್ರಮಾಣವೋ?

ಪೂರ್ವಪಕ್ಷ

ಮಾಲೀಕ ಪಂಥದವರ ವಾದ ಹೀಗಿದೆ: ಸಾಲ ನಾಲ್ಕು ಮಹಡಿಯ ಬಾಡಿಗೆ ನಂಬಿ ತೆಗೆದದ್ದು, ಎರಡೂ ಚಿಲ್ಲರೆ ಮಹಡಿಯಲ್ಲಿ ಇಎಂಐ ತೀರದು. ಊರಿಗೆ ಬರುವ ಜನಕ್ಕೆ ಸೂರು ಕೊಡುತ್ತಿರುವವರು ನಾವೇ, ಮಾಸ್ಟರ್ ಪ್ಲಾನ್ ಅಲ್ಲ. ಈ ವಾದದಲ್ಲಿ ಹುರುಳಿದೆ ಎಂಬುದೇ ಇದರ ದೊಡ್ಡ ತೊಡಕು.

ಪರದೇಶದ ಪ್ರಮಾಣಗಳನ್ನೂ ಅವರು ಮುಂದಿಡಬಹುದು. ಅಮೆರಿಕದ ಒಹಾಯೊದಲ್ಲಿ ಯೂಕ್ಲಿಡ್ ಎಂಬ ಊರಿನ ವಲಯ ನಿಯಮವನ್ನು 1926ರಲ್ಲಿ ಎತ್ತಿಹಿಡಿದ ಅಲ್ಲಿನ ಸುಪ್ರೀಂ ಕೋರ್ಟು, ಒಂಟಿಮನೆಗಳ ನಡುವೆ ಏಳುವ ಬಹುಮನೆ ಕಟ್ಟಡವನ್ನು ಪರೋಪಜೀವಿಗೆ ಹೋಲಿಸಿತು. ಬೆಂಗಳೂರಿಗೆ ಈ ತೀರ್ಪು ತಲೆಕೆಳಗಾಗಿ ಅನ್ವಯಿಸುತ್ತದೆ: ಇಲ್ಲಿ ಒಂಟಿಮನೆಯವನು ಮೊದಲ ಮಹಡಿಯಲ್ಲಿ ವಾಸವಾಗಿ, ಕೆಳಗಿನ ಮತ್ತು ಮೇಲಿನ ಮನೆಗಳಿಂದ ಜೀವಿಸುತ್ತಾನೆ. ಮಿನಿಯಾಪೊಲಿಸ್ ನಗರವು ಒಂದು ನಿವೇಶನದಲ್ಲಿ ಮೂರು ಮನೆಗಳಿಗೆ ಅವಕಾಶ ಕೊಡಲು 2018ರಲ್ಲಿ ಯೋಜನೆ ಒಪ್ಪಿ, ಹೊಗಳಿಕೆಯನ್ನೂ ಮೊಕದ್ದಮೆಯನ್ನೂ ಗಳಿಸಿತು. ನಮ್ಮಲ್ಲಾದರೆ ಮೂರನೆಯ ಮನೆಗೆ ಅವಕಾಶವಿದೆಯೇ ಎಂದು ಕೇಳುವ ಹೊತ್ತಿಗೆ ಐದನೆಯದಕ್ಕೆ ಟು-ಲೆಟ್ ಬೋರ್ಡು ಬಿದ್ದಿರುತ್ತದೆ.

ಸರಕಾರವೂ ಪೂರ್ವಪಕ್ಷದಲ್ಲಿಯೇ ಕುಳಿತಿದೆ. ಅಕ್ರಮ-ಸಕ್ರಮದ 2014ರ ನಿಯಮಗಳ ಪ್ರಕಾರ, 2013ರ ಅಕ್ಟೋಬರ್ 19ರೊಳಗೆ ಕಟ್ಟಿದ್ದರೆ ವಾಸದ ಕಟ್ಟಡಕ್ಕೆ ಶೇ 50ರವರೆಗೂ ವಾಣಿಜ್ಯದ್ದಕ್ಕೆ ಶೇ 25ರವರೆಗೂ ಉಲ್ಲಂಘನೆ ಶುಲ್ಕದಿಂದ ಪರಿಹಾರ್ಯ. ನಮ್ಮ ಸೈಟಿನ ಮೇಲೆ 1100 ಚದರಡಿಯಂತೆ ನಾಲ್ಕು ಮಹಡಿ ಎದ್ದರೆ 4400 ಚದರಡಿ. ಉಲ್ಲಂಘನೆ ಶೇ 100 ದಾಟುತ್ತದೆ. ಅರ್ಧ ಪಾಪಕ್ಕೆ ಪ್ರಾಯಶ್ಚಿತ್ತವಿದ್ದು, ಪೂರ್ಣ ಪಾಪಕ್ಕೆ ಇಲ್ಲದಿರುವುದು ಧರ್ಮಶಾಸ್ತ್ರದಲ್ಲೇ ಅಪೂರ್ವ. 2017ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟು ಈ ಸಕ್ರಮ ಯೋಜನೆಗೆ ತಡೆಯಾಜ್ಞೆ ಕೊಟ್ಟಿತು. ಮುಂದೆ 2024ರ ಡಿಸೆಂಬರಿನಲ್ಲಿ ಅದೇ ಕೋರ್ಟು, ಓಸಿ (ಸ್ವಾಧೀನಾನುಭವ ಪ್ರಮಾಣಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಕೂಡದೆಂದಿತು. ಮೀಟರಿಗಾಗಿ ಕಾದು ಕುಳಿತವರ ಸಾಲು ಬೆಳೆಯಿತು. 2025ರಲ್ಲಿ ರಾಜ್ಯ ಸರಕಾರ, 1200 ಚದರಡಿವರೆಗಿನ ಸೈಟಿನಲ್ಲಿ ನೆಲಮಹಡಿ ಮತ್ತು ಎರಡು, ಅಥವಾ ಸ್ಟಿಲ್ಟ್ ಮತ್ತು ಮೂರು ಮಹಡಿಯ ಮನೆಗಳಿಗೆ ಓಸಿಯಿಂದಲೇ ವಿನಾಯಿತಿ ಕೊಟ್ಟಿತು.

ಸಿದ್ಧಾಂತ

ಇಷ್ಟರಿಂದ ಬೆಂಗಳೂರಿಗರು ನಿಯಮಪಾಲನೆಗೆ ಒಗ್ಗದ ಜನ ಎಂದು ತೀರ್ಮಾನಿಸುವುದು ಅವಿವೇಕ. ಇದೇ ಸೈಟಿನ ಮೇಲೆ ಇನ್ನೊಂದು ಕಟ್ಟಡ ನಿಯಮ ಅಕ್ಷರಶಃ ಪಾಲನೆಯಾಗುತ್ತಿದೆ: ವಾಸ್ತು. ಪಕ್ಕದ ಮನೆಯ ಗಾಳಿಗೆ ಮೂರಡಿ ಬಿಡದವನು ಈಶಾನ್ಯ ಮೂಲೆಯನ್ನು ನೀರಿನ ಸಂಪ್‌ಗೆ ಬಿಡುತ್ತಾನೆ. ಪ್ಲಾನಿನಲ್ಲಿ ಇಲ್ಲದ ಬಾತ್‌ರೂಮನ್ನು ಕಟ್ಟುವಾಗ ಕೈ ನಡುಗದವನು, ಅದು ತಪ್ಪು ದಿಕ್ಕಿಗೆ ಬಂತೆಂದು ತಿಳಿದೊಡನೆ ಎದ್ದ ಗೋಡೆ ಕೆಡವಿಸುತ್ತಾನೆ. ವಾಸ್ತುಪಾಲನೆಗೆ ಪರವಾನಗಿ ಬೇಡ, ತಪಾಸಣೆಗೆ ಎಂಜಿನಿಯರ್ ಬರಬೇಕಿಲ್ಲ, ನೋಟಿಸಿನ ಮಾತೇ ಇಲ್ಲ.

ವಾಸ್ತುದೋಷಕ್ಕೂ ಪರಿಹಾರವುಂಟಲ್ಲ ಎಂದು ಪೂರ್ವಪಕ್ಷಿ ಆಕ್ಷೇಪಿಸಬಹುದು. ಉಂಟು. ಆದರೆ ಆಮೇಲೆ ಪರಿಹಾರ ಮಾಡಿಸಿದರಾಯಿತೆಂದು ಯಾರೂ ಮೊದಲೇ ಈಶಾನ್ಯದಲ್ಲಿ ಕಕ್ಕಸು ಕಟ್ಟುವುದಿಲ್ಲ. ಪಾಲಿಕೆಯ ದಂಡ ಮಾತ್ರ ಸಿಮೆಂಟು, ಕಂಬಿಗಳ ಜತೆ ಎಸ್ಟಿಮೇಟಿನಲ್ಲೇ ಸೇರಿರುತ್ತದೆ. ಕ್ಷಮೆಯ ದಿನಾಂಕ ಮುಂದೆಂದೋ ಬರುತ್ತದೆಂದು ಗೊತ್ತಿದ್ದಲ್ಲಿ ನಿಯಮವೂ ಒಂದು ಖರ್ಚಿನ ಬಾಬತ್ತು. ಇದೇ ಸಿದ್ಧಾಂತ.

ಪ್ರಯೋಜನ

ಮುಂದಿನ ಮಾಸ್ಟರ್ ಪ್ಲಾನಿಗೆ ನಮ್ಮ ಸಲಹೆಗಳು ಎರಡು. ಮೊದಲನೆಯದು ಗಂಭೀರ: ಜನ ನಾಲ್ಕು ಮಹಡಿ ಕಟ್ಟದೆ ಬಿಡುವುದಿಲ್ಲವೆಂದಾದರೆ ನಾಲ್ಕನ್ನು ಬರೆದೇ ಕೊಡಿ, ಪಕ್ಕದ ಮೂರಡಿಯ ನಿಯಮವನ್ನು ಮಾತ್ರ ಸಡಿಲಿಸಬೇಡಿ. ಎರಡನೆಯದು ಕಾರ್ಯಸಾಧ್ಯ: ಸೆಟ್‌ಬ್ಯಾಕ್ ಬಿಡದ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲವೆಂದು ಉಪವಿಧಿಯಲ್ಲಿ ಸೇರಿಸಿ.

ಇಷ್ಟು ವಾದದಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಅಡುಗೆಮನೆಯ ದೀಪ ಹಾಕಿಕೊಳ್ಳುವ ಬಾಡಿಗೆದಾರ ಎಲ್ಲಿ ಎಂದು ಓದುಗರು ಕೇಳಬಹುದು. ಅವನು ಪೂರ್ವಪಕ್ಷಿಯೂ ಅಲ್ಲ, ಸಿದ್ಧಾಂತಿಯೂ ಅಲ್ಲ. ಈ ಶಾಸ್ತ್ರದಲ್ಲಿ ಅವನ ಪಾಲು ಹತ್ತು ತಿಂಗಳ ಅಡ್ವಾನ್ಸ್ ಮಾತ್ರ. ಮನೆ ಖಾಲಿ ಮಾಡುವಾಗ ಅದರಲ್ಲೂ ಪೇಂಟಿಂಗಿಗೆಂದು ಒಂದು ತಿಂಗಳದ್ದು ಮುರಿದುಕೊಳ್ಳುವ ವಿಧಿ ಎಲ್ಲೂ ಬರೆದಿಟ್ಟದ್ದಲ್ಲ, ಆದರೆ ಊರಿನಲ್ಲಿ ಅದಕ್ಕೆ ವಿನಾಯಿತಿ ಸಿಕ್ಕವರೇ ಇಲ್ಲ.