ಹಾರ್ಡ್‌ಡಿಸ್ಕ್ ಮರಣಮೀಮಾಂಸೆ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ಅನುಲಕ್ಷಿಸಿ ಒಂದು ಸಮಗ್ರ ಅಧ್ಯಯನ

1. ಪೀಠಿಕೆ

ಹಾರ್ಡ್‌ಡಿಸ್ಕ್ ಸಾವಿನ ಕುರಿತು ಕನ್ನಡದಲ್ಲಿ ಈವರೆಗೆ ಗಂಭೀರ ಅಧ್ಯಯನ ನಡೆದಿಲ್ಲ. ನಡೆದಿರಲೂಬಹುದು, ಪೀಠಿಕೆಯಲ್ಲಿ ಹೀಗೆ ಬರೆಯುವುದು ಸಂಪ್ರದಾಯ. ಪ್ರಸ್ತುತ ಪ್ರಬಂಧವು ತುಮಕೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಕ್ಷೇತ್ರವಾಗಿರಿಸಿಕೊಂಡು, ಡಿಸ್ಕುಗಳ ಅವಸಾನವನ್ನು ಸ್ಮೃತಿ-ವಿಸ್ಮೃತಿಗಳ ದ್ವಂದ್ವಾತ್ಮಕ ಸಂಕಥನದ ನೆಲೆಯಲ್ಲಿ, ಬಹುಶಿಸ್ತೀಯ ಚೌಕಟ್ಟಿನೊಳಗೆ, ಮುಖಾಮುಖಿಯಾಗಿಸುವ ಒಂದು ವಿನಮ್ರ ಪ್ರಯತ್ನವಾಗಿದೆ. ಈ ವಾಕ್ಯದ ಅರ್ಥ ಕೇಳಬಾರದು. ವಿಚಾರ ಸಂಕಿರಣದಲ್ಲಿ ಅರ್ಥ ಕೇಳಿದವರಿಗೆ ಊಟದ ಕೂಪನ್ ಸಿಗುವುದಿಲ್ಲ.

ಈ ನಾಲ್ಕೇ ತಾಲ್ಲೂಕು ಏಕೆ? ಬಸ್ಸಿನ ಅನುಕೂಲ. ಅದನ್ನೇ ‘ಉದ್ದೇಶಿತ ಮಾದರಿ ಆಯ್ಕೆ’ ಎನ್ನುತ್ತಾರೆ. ಪಾವಗಡದ ಸುತ್ತ ಬಹುತೇಕ ಆಂಧ್ರಪ್ರದೇಶವೇ ಇರುವುದರಿಂದ ಈ ಅಧ್ಯಯನಕ್ಕೆ ಅಂತರರಾಜ್ಯ ಆಯಾಮವೂ ತಾನಾಗಿ ಒದಗಿ ಬಂದಿದೆ.

2. ಪೂರ್ವಾಧ್ಯಯನಗಳ ಸಮೀಕ್ಷೆ

ಮೊದಲ ಹಾರ್ಡ್‌ಡಿಸ್ಕನ್ನು ಐಬಿಎಂ ಕಂಪನಿ 1956ರಲ್ಲಿ ಹೊರತಂದಿತು. 24 ಅಂಗುಲ ಅಗಲದ 50 ತಟ್ಟೆಗಳು, ಎತ್ತಲು ಕ್ರೇನು ಬೇಕಾಗುವಷ್ಟು ತೂಕ, ಅಷ್ಟಕ್ಕೂ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಇವತ್ತು ಶಿರಾದ ಯಾವುದೇ ಸ್ಟುಡಿಯೋದವರು ತೆಗೆಯುವ ಒಂದು ಮದುವೆ ಫೋಟೋ ಅದರಲ್ಲಿ ಕೂರುವುದು ಕಷ್ಟ.

ಅದಕ್ಕೂ ಮೊದಲು ನಮ್ಮ ಜಿಲ್ಲೆಯಲ್ಲಿ ಬೇರೊಂದು ಡಿಸ್ಕು ಚಾಲ್ತಿಯಲ್ಲಿತ್ತು. ಅದರ ಹೆಸರು ಕಲ್ಲು. ಕರೆಂಟು ಬೇಡ, ಕೇಬಲ್ ಬೇಡ. ಅಳಿಸಿದವನು ಕಾಶಿಯಲ್ಲಿ ಗೋವು ಕೊಂದ ಪಾಪಕ್ಕೆ ಹೋಗುತ್ತಾನೆ ಎಂಬ ಸಾಲು ಕೆಳಗಡೆ ಕೆತ್ತಿರುತ್ತಿತ್ತು. ಇವತ್ತಿನ ಪಾಸ್‌ವರ್ಡಿಗಿಂತ ಗಟ್ಟಿ ರಕ್ಷಣೆ. ಆದರೂ ಶಾಪವನ್ನು ನಂಬಿ ಸುಮ್ಮನೆ ಕೂರದ ಒಬ್ಬ ಮನುಷ್ಯನಿದ್ದ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್. ತುಮಕೂರು ಜಿಲ್ಲೆಯಲ್ಲಿ ಸಿಕ್ಕ ಶಾಸನಗಳನ್ನೆಲ್ಲ ತಾಲ್ಲೂಕುವಾರು ನಂಬರು ಹಾಕಿ, ಎಪಿಗ್ರಾಫಿಯ ಕರ್ನಾಟಿಕದ 12ನೇ ಸಂಪುಟವಾಗಿ 1904ರಲ್ಲಿ ಅಚ್ಚು ಹಾಕಿಸಿದ. ಕನ್ನಡ ಲಿಪಿಯಲ್ಲಿ ಒಂದು ಸಲ, ರೋಮನ್ ಲಿಪಿಯಲ್ಲಿ ಒಂದು ಸಲ, ಇಂಗ್ಲಿಷ್ ಅನುವಾದದಲ್ಲಿ ಮತ್ತೊಂದು ಸಲ. ಆಮೇಲೆ ಎಷ್ಟೋ ಕಲ್ಲುಗಳು ಚಪ್ಪಡಿಯಾದವು, ಕೆರೆಯ ತೂಬಿಗೆ ಹೋದವು, ಬಟ್ಟೆ ಒಗೆಯುವ ಕಲ್ಲಾದವು. ಓದು ಮಾತ್ರ ಉಳಿದಿದೆ.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಎಂಬ ಸೂತ್ರವೊಂದಿದೆ: ಮೂರು ಪ್ರತಿ ಇಡಿ, ಎರಡು ಬಗೆಯ ಮಾಧ್ಯಮದಲ್ಲಿಡಿ, ಒಂದನ್ನು ಬೇರೆ ಊರಿನಲ್ಲಿಡಿ. ರೈಸ್ ಸಾಹೇಬರಿಗೆ ಈ ಸೂತ್ರ ಗೊತ್ತಿರಲಿಲ್ಲ. ಆದ್ದರಿಂದ ಪಾಲಿಸಿದರು.

3. ವರ್ಗೀಕರಣ

ಅ. ಮಧುಗಿರೀಯ ಪ್ರಭೇದ (ಶಬ್ದಪೂರ್ವಕ ಮರಣ). ಡಿಸ್ಕು ಟಕ್ ಟಕ್ ಎನ್ನುತ್ತದೆ. ಅಂಗಡಿಯವರು ‘ಟಿಕ್ ಟಿಕ್ ಸೌಂಡ್ ಬರ್ತೈತೆ ಸಾ’ ಎನ್ನುವುದನ್ನು ನಾವು ‘ಪುನರಾವರ್ತಿತ ಲೋಹಧ್ವನ್ಯಾತ್ಮಕ ಪ್ರತಿರೋಧ’ ಎಂದು ಕರೆಯೋಣ. ಒಳಗೆ ನಡೆಯುವುದಿಷ್ಟು: ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತದೆ, ಓದುವ ಹೆಡ್ಡು ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ತಲೆಗೂದಲಿನ ದಪ್ಪದೊಳಗೆ ಅಂಥ ಸಾವಿರಾರು ಎತ್ತರ ಹಿಡಿಸುತ್ತವೆ. ಹೆಡ್ಡು ಕೆಟ್ಟರೆ ತಾನೆಲ್ಲಿದ್ದೇನೆಂದು ಅದಕ್ಕೆ ಓದಲಾಗುವುದಿಲ್ಲ. ವಾಪಸ್ ಹೋಗುತ್ತದೆ, ಮತ್ತೆ ಬರುತ್ತದೆ. ಅದೇ ಟಕ್ ಟಕ್. ಒಂದೊಂದು ಸಲ ಆನ್ ಮಾಡಿದಾಗಲೂ ತಟ್ಟೆಗೆ ಇನ್ನೊಂದಿಷ್ಟು ಗೀರು ಬೀಳುವ ಅಪಾಯ. ಆದ್ದರಿಂದ ಮಾಡಬೇಕಾದ ಏಕೈಕ ಕೆಲಸವೆಂದರೆ ಆಫ್ ಮಾಡುವುದು. ನಮ್ಮ ಜನ ಮಾಡುವುದು: ಅಂಗೈಯಲ್ಲಿ ಎರಡು ಏಟು ಹೊಡೆಯುವುದು, ಫ್ರೀಜರ್‌ನಲ್ಲಿ ಇಡುವುದು, ಕೊನೆಗೆ ಸ್ಕ್ರೂ ಡ್ರೈವರ್ ತೆಗೆದುಕೊಂಡು ಮುಚ್ಚಳ ಬಿಚ್ಚುವುದು. ಬೇಸಿಗೆಯಲ್ಲಿ ಮಧುಗಿರಿಯ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯೊಳಗೆ ಹಾರಾಡುವ ಧೂಳಿನ ಒಂದು ಕಣ ಸಿಕ್ಕರೂ ಸಾಕು, ಆ ಹೆಡ್ಡು ಬೆಟ್ಟಕ್ಕೆ ಗುದ್ದಿದ ಲಾರಿ.

ಆ. ಶಿರಾ ಪ್ರಭೇದ (ನಿಶ್ಶಬ್ದ ಮರಣ). ಸದ್ದಿಲ್ಲ, ಬಿಸಿಯಿಲ್ಲ, ‘ಡಿಟೆಕ್ಟೇ ಆಗ್ತಿಲ್ಲ ಸಾ’. ಬಹಳ ಸಲ ಕೆಳಗಿನ ಹಸಿರು ಬೋರ್ಡು ಸುಟ್ಟಿರುತ್ತದೆ. ಅದೇ ಮಾಡೆಲ್ಲಿನ ಹಳೇ ಡಿಸ್ಕಿನ ಬೋರ್ಡು ಬಿಚ್ಚಿ ಇದಕ್ಕೆ ಹಾಕಿದರೆ ಆಯಿತೆಂಬ ನಂಬಿಕೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ಇಲ್ಲಿಯವರೆಗೂ ಇದೆ. ಈಗಿನ ಡಿಸ್ಕುಗಳಲ್ಲಿ ಆಗುವುದಿಲ್ಲ. ಆಯಾ ಡಿಸ್ಕಿಗೇ ಹೊಂದಿಸಿದ ಲೆಕ್ಕಗಳು ಬೋರ್ಡಿನ ಮೇಲಿನ ಸಣ್ಣ ರೋಮ್ ಚಿಪ್ಪಿನಲ್ಲಿರುತ್ತವೆ. ಆ ಚಿಪ್ಪನ್ನೂ ಕಿತ್ತು ಹೊಸ ಬೋರ್ಡಿಗೆ ಬೆಸುಗೆ ಹಾಕಬೇಕು.

ಇ. ಪಾವಗಡ ಪ್ರಭೇದ (ವಿದ್ಯುದ್ವಿಯೋಗಜನ್ಯ ಮರಣ). ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕು. ಅದೇ ತಾಲ್ಲೂಕಿನ ಸ್ಟುಡಿಯೋದಲ್ಲಿ ಯುಪಿಎಸ್ಸು ಕುಂಯ್ ಕುಂಯ್ ಎನ್ನುತ್ತಿರುತ್ತದೆ. ಕರೆಂಟು ದಿಢೀರನೆ ಹೋದಾಗ, ಇನ್ನೂ ತಿರುಗುತ್ತಿರುವ ತಟ್ಟೆಯ ವೇಗದಿಂದಲೇ ಒಂದಿಷ್ಟು ವಿದ್ಯುತ್ ಹುಟ್ಟಿಸಿಕೊಂಡು ಹೆಡ್ಡು ಗೂಡು ಸೇರಿಕೊಳ್ಳುತ್ತದೆ. ಎಂಥ ಜಾಣ ಏರ್ಪಾಡು! ಆದರೆ ಅರ್ಧ ಬರೆದ ಫೈಲು ಅರ್ಧಕ್ಕೇ ನಿಂತಿರುತ್ತದೆ.

ಈ. ಕೊರಟಗೆರೆ ಪ್ರಭೇದ. ಕೊರಟಗೆರೆಯ ಡಿಸ್ಕೂ ಮಧುಗಿರಿಯ ಡಿಸ್ಕಿನ ಹಾಗೇ ಸಾಯುತ್ತದೆ. ನಿಜ ಹೇಳಬೇಕೆಂದರೆ ನಾಲ್ಕೂ ಕಡೆ ಒಂದೇ ರೀತಿ ಸಾಯುತ್ತದೆ. ಸಿದ್ದರಬೆಟ್ಟದ ಗಿಡಮೂಲಿಕೆ ಇದಕ್ಕೆ ನಾಟುವುದಿಲ್ಲ ಎಂಬ ಒಂದು ಮಾತು ಬಿಟ್ಟರೆ ಈ ಪ್ರಭೇದದ ಬಗ್ಗೆ ಹೇಳಲು ಏನೂ ಇಲ್ಲ. ಉಪಪ್ರಭೇದಗಳ ಕೋಷ್ಟಕ ಕೈಬಿಡಲಾಗಿದೆ.

4. ಅಳಿದದ್ದು ಅಳಿಯದಿರುವುದರ ತಾತ್ತ್ವಿಕತೆ

ಡಿಲೀಟ್ ಒತ್ತಿದಾಗ ಫೈಲು ಹೋಗುವುದಿಲ್ಲ. ಪಡಿತರ ಪಟ್ಟಿಯಿಂದ ಹೆಸರು ಹೊಡೆದುಹಾಕಿದ ಮಾತ್ರಕ್ಕೆ ಮುದುಕ ಸಾಯುತ್ತಾನೆಯೇ? ಮನೆಯಲ್ಲೇ ಇರುತ್ತಾನೆ; ಆ ಮನೆಗೆ ಬೇರೆಯವರು ಬಂದು ಸೇರುವವರೆಗೆ. ಹಾಗಾಗಿ ಡಿಲೀಟ್ ಆಯಿತೆಂದು ಗೊತ್ತಾದ ಕೂಡಲೇ ಆ ಡಿಸ್ಕಿನ ಮೇಲೆ ಹೊಸದೇನನ್ನೂ ಬರೆಯಬಾರದು. ರಿಕವರಿ ಸಾಫ್ಟ್‌ವೇರನ್ನು ಅದೇ ಡಿಸ್ಕಿಗೆ ಇನ್‌ಸ್ಟಾಲ್ ಮಾಡಲೇಬಾರದು. ಎಸ್‌ಎಸ್‌ಡಿ ಆದರೆ ಕತೆ ಬೇರೆ: ಟ್ರಿಮ್ ಎಂಬ ಆದೇಶ ಹಿಂದೆಯೇ ಹೋಗಿ ಮನೆಯನ್ನೇ ಖಾಲಿ ಮಾಡಿಸಿಬಿಡುತ್ತದೆ.

ಇದನ್ನೆಲ್ಲ ನನಗೆ ಕಲಿಸಿದ್ದು ಯಾವ ಪ್ರಾಧ್ಯಾಪಕರೂ ಅಲ್ಲ, ಮಧುಗಿರಿಯಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಒಬ್ಬ ಐಟಿಐ ಹುಡುಗ. ಬೇರೆ ಅಂಗಡಿಗಳಲ್ಲಿ ‘ಫಾರ್ಮ್ಯಾಟ್ ಹೊಡ್ದು ಕೊಡ್ತೀನಿ, ಸರಿ ಹೋಯ್ತೈತೆ’ ಎನ್ನುವಾಗ ಇವನು ‘ಮೊದ್ಲು ಇಮೇಜ್ ತಗೊಳ್ಳಣ ಸಾ, ಆಮ್ಯಾಕೆ ಮಿಕ್ಕಿದ್ದು’ ಎನ್ನುತ್ತಾನೆ. ಡಿಡಿರೆಸ್ಕ್ಯೂ ಎಂಬ ಪುಕ್ಕಟೆ ಸಾಫ್ಟ್‌ವೇರ್ ಅವನ ಆಯುಧ. ಅದು ಚೆನ್ನಾಗಿರುವ ಜಾಗವನ್ನು ಮೊದಲು ನಕಲು ಮಾಡಿಕೊಳ್ಳುತ್ತದೆ, ಕೆಟ್ಟ ಜಾಗವನ್ನು ಕೊನೆಗಿಡುತ್ತದೆ, ಎಲ್ಲಿಯವರೆಗೆ ಬಂದೆನೆಂದು ಬರೆದಿಡುತ್ತದೆ. ಆಮೇಲೆ ಆ ನಕಲಿನ ಮೇಲೆ ಫೋಟೋರೆಕ್ ಓಡಿಸುತ್ತಾನೆ. ಫೋಟೋ, ಹಾಡು ಬರುತ್ತವೆ, ಹೆಸರು ಬರುವುದಿಲ್ಲ. ಫೈಲಿಗೆಲ್ಲ ಬರೀ ನಂಬರು. ಮದುಮಗಳನ್ನು ಹುಡುಕಲು ಒಂದು ರಾತ್ರಿ ಬೇಕು.

ಇನ್ನು ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ದಾಖಲೆಗಳದ್ದು ಬೇರೆಯೇ ಗೋಳು. ಡಿಸ್ಕಿನಿಂದ ಡೇಟಾ ಬರುತ್ತದೆ, ಕನ್ನಡ ಬರುವುದಿಲ್ಲ. ತೆರೆದರೆ ಕೊಂಬು-ದೀರ್ಘ ಹಚ್ಚಿಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆ. ಗಾಬರಿಯಾಗಿ ಅಳಿಸಬೇಡಿ. ಯುನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ.

5. ಸೈದ್ಧಾಂತಿಕ ಚೌಕಟ್ಟು

ಈ ಭಾಗದಲ್ಲಿ ಸೈದ್ಧಾಂತಿಕ ಚೌಕಟ್ಟನ್ನು ಕಟ್ಟಬೇಕಿತ್ತು. ಕಟ್ಟುವುದಿಲ್ಲ. ಚೌಕಟ್ಟು ಕಟ್ಟುವವರನ್ನು ಸಾಕಷ್ಟು ನೋಡಿದ್ದಾಯಿತು.

ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಜುಂಜಪ್ಪನ ಗುಡ್ಡೆ ಇದೆ. ಕಾಡುಗೊಲ್ಲರು ತಾವು ಪೂಜಿಸುವ ವೀರ ಜುಂಜಪ್ಪನ ಕಾವ್ಯವನ್ನು ಗಣೆ ಎಂಬ ಉದ್ದನೆಯ ಬಿದಿರ ಕೊಳಲು ನುಡಿಸಿಕೊಂಡು ಹಾಡುತ್ತಾರೆ. ರಾತ್ರಿಯಿಡೀ ಹಾಡಬಲ್ಲವರು ದಿನೇದಿನೇ ಕಡಿಮೆಯಾಗುತ್ತಿದ್ದಾರೆ. ಅಂಥ ಒಬ್ಬ ಹಿರಿಯರನ್ನು ಒಂದು ಸಂಸ್ಥೆಯವರು ಹಲವು ರಾತ್ರಿ ಕೂರಿಸಿಕೊಂಡು ರೆಕಾರ್ಡ್ ಮಾಡಿದರು. ಒಳ್ಳೆಯ ಮೈಕು, ಒಳ್ಳೆಯ ಕ್ಯಾಮೆರಾ. ಎಲ್ಲವನ್ನೂ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ತುಂಬಿ, ಜಾಗ ಬೇಕೆಂದು ಕ್ಯಾಮೆರಾದ ಕಾರ್ಡುಗಳನ್ನು ಖಾಲಿ ಮಾಡಿದರು. ವರದಿಯಲ್ಲಿ ‘ದಾಖಲೀಕರಣ ಪೂರ್ಣಗೊಂಡಿದೆ’ ಎಂದು ಬರೆದರು. ಆಮೇಲೆ ಎರಡು ದಿನದ ವಿಚಾರ ಸಂಕಿರಣ: ಡಿಜಿಟಲ್ ದಾಖಲೀಕರಣ ಮತ್ತು ಮೌಖಿಕ ಪರಂಪರೆ. ಒಬ್ಬರು ದಾಖಲೆಯೇ ಅಧಿಕಾರ ಎಂದರು, ಇನ್ನೊಬ್ಬರು ಅಳಿವೇ ಪ್ರತಿರೋಧ ಎಂದರು, ಮತ್ತೊಬ್ಬರು ಸ್ಮೃತಿಯ ರಾಜಕಾರಣವನ್ನು ಊಟದ ಹೊತ್ತು ಮೀರುವವರೆಗೆ ಬಿಚ್ಚಿಟ್ಟರು. ಆ ಡಿಸ್ಕು ವೇದಿಕೆಯ ಮೇಜಿನ ಮೇಲಿತ್ತು. ಇದರ ಇನ್ನೊಂದು ಪ್ರತಿ ಎಲ್ಲಿದೆ ಎಂದು ಕೇಳುವ ಪುಣ್ಯಾತ್ಮ ಅಷ್ಟು ಜನರಲ್ಲಿ ಒಬ್ಬನೂ ಇರಲಿಲ್ಲ. ಇನ್ನೊಂದು ಡಿಸ್ಕಿನ ಬೆಲೆ ಅವರ ಶಾಲು, ಹಾರ, ಫಲತಾಂಬೂಲದ ಬಿಲ್ಲಿಗಿಂತ ಕಡಿಮೆ!

ಡಿಸ್ಕು ಎಲ್ಲಿ ಬಿತ್ತು, ಯಾರ ಕೈಯಿಂದ ಬಿತ್ತು ಎಂಬುದನ್ನು ಆಮೇಲೆ ಯಾರೂ ಹೇಳಲಿಲ್ಲ. ‘ಟೆಕ್ನಿಕಲ್ ಪ್ರಾಬ್ಲಮ್’ ಎಂದರು. ಅಷ್ಟು ಹೊತ್ತಿಗೆ ಹಾಡಿದ ಅಜ್ಜ ತೀರಿಕೊಂಡಿದ್ದ.

ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಹಾಡುಗಳನ್ನು ತಲೆಯಲ್ಲಿಟ್ಟುಕೊಂಡಿದ್ದರು. ಓದುಬರಹ ಗೊತ್ತಿರಲಿಲ್ಲ. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರು ಅಜ್ಜಿಯ ಮುಂದೆ ಕೂತು ಕೇಳಿಸಿಕೊಂಡು, ಬರೆದುಕೊಂಡು, ಅಚ್ಚು ಹಾಕಿಸಿದರು. ಅಜ್ಜಿ ಹೋದರು, ಹಾಡುಗಳು ಪುಸ್ತಕದಲ್ಲಿವೆ. ಪುಸ್ತಕ ಊರೂರಿನ ಕಪಾಟಿನಲ್ಲಿದೆ. ಇದಕ್ಕೆ ಚೌಕಟ್ಟು ಬೇಕಾಗಿರಲಿಲ್ಲ. ಹಾಡುವವರ ಮೇಲೆ ಮರ್ಯಾದೆ ಬೇಕಿತ್ತು, ಅಷ್ಟೇ.

6. ಫಲಿತಾಂಶ

ಡಿಸ್ಕು ಕೊನೆಗೆ ನಮ್ಮ ಹುಡುಗನ ಅಂಗಡಿಗೆ ಬಂತು. ತಂದದ್ದು ಸಂಸ್ಥೆಯವರಲ್ಲ, ಅಜ್ಜನ ಮೊಮ್ಮಗ. ‘ತಾತನ ದನಿ ಒಂದೀಟಾದ್ರೂ ಸಿಕ್ತೈತಾ ಅಣ್ಣ?’ ಹೆಡ್ಡು ಇನ್ನೂ ಪೂರ್ತಿ ಹೋಗಿರಲಿಲ್ಲ. ಹುಡುಗ ಆತುರಪಡದೆ ಡಿಡಿರೆಸ್ಕ್ಯೂವನ್ನು ಹಗಲೂ ರಾತ್ರಿ ಓಡಲು ಬಿಟ್ಟ. ಕೆಟ್ಟ ಸೆಕ್ಟರುಗಳೆಲ್ಲ ಒಂದೇ ಕಡೆ, ದೊಡ್ಡ ಫೈಲುಗಳಿದ್ದ ಕಡೆ. ಹಾಡು ಬರಲಿಲ್ಲ. ಒಂದೆರಡು ಕಡೆ ಗಣೆಯ ಉಸಿರು ಶುರುವಾಗಿ ಕಡಿದುಹೋಗುತ್ತಿತ್ತು. ಮೊಮ್ಮಗ ಅಷ್ಟನ್ನೇ ಮೊಬೈಲಿಗೆ ಹಾಕಿಸಿಕೊಂಡ.

ಸಂಕಿರಣ ಮುಗಿದ ಮೇಲೆ ಅದರ ಫೋಟೋಗಳನ್ನೂ ಇದೇ ಡಿಸ್ಕಿಗೆ ತುಂಬಿದ್ದರು; ಅವು ಇನ್ನೊಂದು ಭಾಗದಲ್ಲಿದ್ದವು. ಅವಕ್ಕೆ ಏನೂ ಆಗಿರಲಿಲ್ಲ. ದೀಪ ಬೆಳಗಿದ್ದು, ಶಾಲು ಹೊದಿಸಿದ್ದು, ಗ್ರೂಪ್ ಫೋಟೋ, ಬ್ಯಾನರು, ಊಟದ ಸಾಲು, ಎಲ್ಲ ಒಂದೂ ಬಿಡದೆ ಬಂದವು. ಹುಡುಗ ಸಂಸ್ಥೆಗೆ ಫೋನು ಮಾಡಿ ತಿಳಿಸಿದ. ಅವರಿಗೆ ಬಹಳ ಸಂತೋಷವಾಯಿತು. ವರದಿಗೆ ಬೇಕಿತ್ತಂತೆ. ಎರಡು ಪೆನ್‌ಡ್ರೈವ್ ಕಳಿಸುತ್ತೇವೆ, ಎರಡಕ್ಕೂ ಹಾಕಿಡಿ, ಒಂದು ಹೋದರೆ ಇನ್ನೊಂದಿರಲಿ ಎಂದರು.