ನಮಗಿಂತ ಮೊದಲೇ ಬೀಚಿಗೆ ಹೋದವರು

ಏಪ್ರಿಲ್ ಬಂತೆಂದರೆ ಹೊಸಪೇಟೆಯ ಮನೆಗಳಲ್ಲಿ ಎರಡು ಸಂಗತಿ ಒಟ್ಟಿಗೇ ಏರುತ್ತವೆ: ಬಿಸಿಲು ಮತ್ತು ಮಕ್ಕಳ ಹಟ. ಟಿ.ಬಿ. ಡ್ಯಾಮಿನ ಹಿನ್ನೀರು ಹಿಂದಕ್ಕೆ ಸರಿದಿರುತ್ತದೆ, ಹಂಪಿಯ ಬಂಡೆಗಳು ರಾತ್ರಿ ಹತ್ತಾದರೂ ಕಾವು ಬಿಡುವುದಿಲ್ಲ. ಗೋಕರ್ಣಕ್ಕೆ ಹೋಗೋಣವೆಂದು ಮನೆಮಂದಿಯೆಲ್ಲ ಕೂತು ಚರ್ಚಿಸುತ್ತಾರೆ. ಅನುಭವಸ್ಥರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಹಾಗಾಗಿ ಈ ಸೀಮೆಯಿಂದ ಅತಿ ದೊಡ್ಡ ಸಂಖ್ಯೆಯಲ್ಲಿ ಸಮುದ್ರ ಕಂಡ ಜನಾಂಗವನ್ನೇ ಮಾತಾಡಿಸಿದೆವು. ಸಂಡೂರಿನ ಗುಡ್ಡದಲ್ಲಿ ಹುಟ್ಟಿ, ಅಂಕೋಲೆ ಬಳಿಯ ಬೇಲೆಕೇರಿ ಬಂದರಿನ ಬೇಲಿ ಮಗ್ಗುಲಲ್ಲಿ ವರ್ಷಗಟ್ಟಲೆಯಿಂದ ಬಿದ್ದಿರುವ ಒಂದು ಅದಿರುಗಲ್ಲು ಫೋನಿಗೆ ಸಿಕ್ಕಿತು.

ಪ್ರಶ್ನೆ: ನಮಸ್ಕಾರ. ಉಪ್ಪುಗಾಳಿಯಲ್ಲಿ ತುಕ್ಕು ಹಿಡಿದಿಲ್ಲ ತಾನೇ?

ಅದಿರುಗಲ್ಲು: ನಾವು ಹುಟ್ಟಾ ತುಕ್ಕಿನ ಜಾತಿಯವರು ಕಣ್ರೀ. ಕಬ್ಬಿಣ, ಆಮ್ಲಜನಕ ಕೂಡಿನೇ ನಾವು ಆಗಿದ್ದು. ಹೊಸದಾಗಿ ಹಿಡಿಯಾಕ ಏನೂ ಉಳಿದಿಲ್ಲ. ನಿಮ್ಮ ಕಾರು ಮಾತ್ರ ಹುಷಾರು, ಊರಿಗೆ ಹೋದಮ್ಯಾಲೆ ಸಿಹಿನೀರಾಗ ತೊಳೀರಿ.

ಪ್ರಶ್ನೆ: ಹೊಸಪೇಟೆಯಿಂದ ದಾರಿ?

ಅದಿರುಗಲ್ಲು: ನಿದ್ದಿಗಣ್ಣಾಗ ಹೇಳ್ತೀನಿ. ಕೊಪ್ಪಳ, ಗದಗ, ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಅರಬೈಲು ಘಾಟು, ಅಂಕೋಲೆ. ಹೆಚ್ಚೂಕಮ್ಮಿ 280 ಕಿಲೋಮೀಟರು. ನಮ್ಮ ಕಾಲದಾಗ ಇದಕ್ಕೆಲ್ಲ ಒಂದೇ ಹೆಸರು, ರಾಷ್ಟ್ರೀಯ ಹೆದ್ದಾರಿ 63. ಈಗ ಹುಬ್ಬಳ್ಳಿತನಕ 67, ಅಲ್ಲಿಂದ ಕೆಳಗ 52. ನಂಬರು ಬದಲಾತು, ಅರಬೈಲಿನ ತಿರುವು ಬದಲಾಗಿಲ್ಲ. ಹುಡುಗರಿಗೆ ಹುಬ್ಬಳ್ಯಾಗ ಹೊಟ್ಟಿಬಿರಿಯ ಮಿರ್ಚಿ ತಿನಿಸಿ ಘಾಟು ಇಳಿಸಬ್ಯಾಡ್ರಿ.

ಪ್ರಶ್ನೆ: ನೀವು ಬಂದದ್ದು ಯಾವಾಗ?

ಅದಿರುಗಲ್ಲು: ಬೀಜಿಂಗಿನಾಗ ಒಲಿಂಪಿಕ್ಸ್ ಅಂತ ಸುದ್ದಿ ಇತ್ತಲ್ಲ, 2008. ಅದರ ಹಿಂದುಮುಂದಿನ ವರ್ಷಗಳು. ಅಲ್ಲಿ ಕಟ್ಟಡ ಏಳ್ತಿದ್ದಂಗ ಇಲ್ಲಿ ನಮ್ಮ ಗುಡ್ಡ ಇಳೀತಿತ್ತು. ಲಾರಿ ಹಿಂದ ಲಾರಿ. ಸಾಹೇಬ್ರ ಮುಂದ ರಜೆ ಚೀಟಿ ಹಿಡಿದು ನಿಲ್ಲೋದಿಲ್ಲ, ಮನಿ ಬೀಗ ಯಾರ ಕೈಗೆ ಕೊಡೋದು ಅನ್ನೋ ಚಿಂತಿಲ್ಲ. ದಾರಿಗುಂಟ ಇರೋ ಊರಿನವರ ಮನಿ, ಹೊಲ, ತೊಟ್ಟಿಲು, ಊಟದ ತಾಟು, ಎಲ್ಲಾದಕ್ಕೂ ಕೆಂಪು ಬಣ್ಣ ಬಳಕೊಂತ ಬಂದ್ವಿ. ಅದಕ್ಕ ಯಾರೂ ಕೂಲಿ ಕೇಳಲಿಲ್ಲ.

ಪ್ರಶ್ನೆ: ಪರ್ಮಿಟ್ ಇತ್ತೇ?

ಅದಿರುಗಲ್ಲು: ಕೆಲವರಿಗೆ ಇತ್ತು. ಉಳಿದೋರು ಅವರ ನೆರಳಾಗ ಬಂದ್ವಿ.

ಪ್ರಶ್ನೆ: ನಾವು ಗೋಕರ್ಣದಲ್ಲಿ ಎರಡು ರೂಮು ಕೇಳಿದರೆ ಎಲ್ಲರ ಆಧಾರ್ ಕಳಿಸಿ ಅನ್ನುತ್ತಾರೆ.

ಅದಿರುಗಲ್ಲು: ಮನುಷ್ಯರಲ್ರೀ ನೀವು, ತೋರಿಸಬೇಕು. ನಮ್ಮ ಕತಿ ಕೇಳ್ರಿ. 2010ರ ಮಾರ್ಚ್‌ನಾಗ ಅರಣ್ಯ ಇಲಾಖೆಯವರು ಇಲ್ಲೇ ನಮ್ಮನ್ನ ಜಪ್ತಿ ಮಾಡಿದ್ರು. ಎಲ್ಲೂ ಹೋಗಬ್ಯಾಡ್ರಿ ಅಂತ ಕಾಗದದಾಗ ಬರೆದಿಟ್ಟು ಹೋದ್ರು. ತಿರುಗಿ ಬಂದು ಲೆಕ್ಕ ಹಾಕಿದ್ರೆ ನಮ್ಮ ನೆಂಟರಾಗ ಐದು ಲಕ್ಷ ಟನ್ನಿಗೂ ಹೆಚ್ಚು ಮಂದಿ ನಾಪತ್ತೆ! ಕಳವಾಗಿದ್ದು ಕಿವಿಯೋಲೆ ಅಲ್ಲ, ಗುಡ್ಡ. ಆದ್ರೂ ಹಡಗು ಹತ್ತಿದ್ದು ಯಾರ ಕಣ್ಣಿಗೂ ಬೀಳಲಿಲ್ಲಂತ. ಆ ಜೂನ್‌ನಾಗ, ಅಕ್ರಮ ಗಣಿಗಾರಿಕೆ ತನಿಖೆ ಮಾಡ್ತಿದ್ದ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ರಾಜೀನಾಮೆ ಕೊಟ್ರು, ಆಮ್ಯಾಲೆ ವಾಪಸ್ ತಗೊಂಡ್ರು. ಮರುವರ್ಷ ಜುಲೈನಾಗ ಅವರು ಕೊಟ್ಟ ವರದಿ ಪ್ರಕಾರ 2006ರಿಂದ 2010ರೊಳಗ ಬೊಕ್ಕಸಕ್ಕ ಆದ ನಷ್ಟ 16,085 ಕೋಟಿ ರೂಪಾಯಿ. ಬೇಲೆಕೇರಿ ಕೇಸಿನಾಗ ಬೆಂಗಳೂರಿನ ವಿಶೇಷ ನ್ಯಾಯಾಲಯ ಶಿಕ್ಷೆ ಹೇಳಿದ್ದು 2024ರ ಅಕ್ಟೋಬರ್‌ಗೆ. ಮುಂದಿನ ತಿಂಗಳು ಹೈಕೋರ್ಟು ಆ ಶಿಕ್ಷೆ ಅಮಾನತಿನಾಗ ಇಟ್ಟಿತು. ನಾನು ಇಲ್ಲೇ ಇದ್ದೀನಿ. ಹದಿನಾಲ್ಕು ವರ್ಷದಾಗ ಒಬ್ಬರೂ ಬಂದು ನನ್ನ ಸಾಕ್ಷಿ ಕೇಳಲಿಲ್ಲ.

ಪ್ರಶ್ನೆ: ಅದಿರಲಿ. ಕಾರು ಇಲ್ಲದವರು ರೈಲಿನಲ್ಲಿ ಬರಬಹುದೇ?

ಅದಿರುಗಲ್ಲು: ಹುಬ್ಬಳ್ಳಿ–ಅಂಕೋಲಾ ರೈಲು ಅಂತ 1990ರ ದಶಕದಾಗೇ ಮಂಜೂರಾತು. ಅದರ ಮೂಲ ಉದ್ದೇಶಾನೂ ನಾವೇ. ಬಳ್ಳಾರಿ, ಹೊಸಪೇಟೆ ಅದಿರು ಬಂದರಿಗೆ ಸಾಗಿಸೋದು. ಘಟ್ಟದ ಕಾಡು ಕಡೀಬೇಕಾಗ್ತೈತಿ ಅಂತ ತಕರಾರು ಎದ್ದು ನಿಂತುಬಿಡ್ತು. ನಿಂತಿದ್ದು ತಪ್ಪು ಅಂತ ಕಲ್ಲಾದ ನಾನೂ ಹೇಳಂಗಿಲ್ಲ. ಆದ್ರ ಒಂದು ಮಾತು ನೋಡ್ರಿ, ನಿಮ್ಮ ಅವ್ವ, ಅಪ್ಪ, ಮಕ್ಕಳು ಸಮುದ್ರ ನೋಡಲಿ ಅಂತ ಯಾವ ಸರ್ಕಾರದಾಗೂ ಒಂದು ಫೈಲು ಎದ್ದಿಲ್ಲ. ರೈಲೇ ಬೇಕು ಅಂದ್ರ ಅಮರಾವತಿ ಎಕ್ಸ್‌ಪ್ರೆಸ್ಸನ್ನ ಹೊಸಪೇಟ್ಯಾಗ ಹತ್ತಿ ವಾಸ್ಕೋದಾಗ ಇಳೀರಿ. ಗೋವಾ ಸಿಗ್ತೈತಿ, ಗೋಕರ್ಣ ಅಲ್ಲ.

ಪ್ರಶ್ನೆ: ಬಸ್ಸು?

ಅದಿರುಗಲ್ಲು: 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದೈತಲ್ಲ. ಸರ್ಕಾರಿ ಸಾಮಾನ್ಯ ಬಸ್ಸಿನಾಗ ಅಜ್ಜಿ, ಅತ್ತಿ, ಸೊಸಿ ಎಲ್ಲರಿಗೂ ಟಿಕೆಟ್ ಪುಕ್ಕಟೆ. ರೊಕ್ಕ ಹೋಗೋದು ಗಂಡಸರದು ಮಾತ್ರ. ಅದಕ್ಕೇ ಇರಬೇಕು, ಪ್ರವಾಸದ ಮಾತು ಬಂದಾಗ 'ಮುಂದಿನ ವರ್ಷ ನೋಡೋಣ' ಅನ್ನೋರು ಅವರೇ.

ಪ್ರಶ್ನೆ: ಹಂಪಿ ಸೀಮೆಗೂ ಸಮುದ್ರಕ್ಕೂ ಸಂಬಂಧವೇ ಇರಲಿಲ್ಲ ಅನ್ನಿ.

ಅದಿರುಗಲ್ಲು: ಏನ್ರೀ ಹಿಂಗ ಮಾತಾಡ್ತೀರಿ! ವಿಜಯನಗರದ ಅರಸರ ದಂಡಿಗೆ ಕುದುರೆ ಎಲ್ಲಿಂದ ಬರ್ತಿತ್ತು? ಅರಬ್ಬಿ ಕುದುರೆ ಭಟ್ಕಳ, ಹೊನ್ನಾವರದ ಬಂದರಿಗೆ ಇಳಿದು ಘಟ್ಟ ಹತ್ತಿ ಬರ್ತಿತ್ತು. ಪೋರ್ಚುಗೀಸರು 1510ರಾಗ ಗೋವಾ ಹಿಡಿದಮ್ಯಾಲೆ ಆ ವ್ಯಾಪಾರಕ್ಕ ಅವರ ಜತಿ ಮಾತಾಡಬೇಕಾತು. ಮಹಾನವಮಿ ದಿಬ್ಬದ ಗೋಡಿ ಮ್ಯಾಲೆ ಪರದೇಶಿ ಮಂದಿ, ಕುದುರೆ ಕೆತ್ಯಾರ, ಸಾವಕಾಶ ನೋಡ್ರಿ. ನೀವು ಅದರ ಮುಂದ ನಿಂತು ಸೆಲ್ಫಿ ತಗೊಂಡು ಬರ್ತೀರಿ. ಅವಾಗ ಕುದುರೆ ಹತ್ತಿ ಬಂತು, ಆಮ್ಯಾಲೆ ಗುಡ್ಡ ಇಳಿದು ಹೋತು. ಮನಿಮಂದಿ ಪಾಳಿ ಈಗ ಬಂದೈತಿ, ಅದೂ ಎರಡನೇ ಶನಿವಾರ ಸೇರಿಸಿ.

ಪ್ರಶ್ನೆ: ಮನೆಯಲ್ಲಿ ಜಗಳ. ಅಜ್ಜಿಗೆ ಮಹಾಬಲೇಶ್ವರನ ಆತ್ಮಲಿಂಗ, ಮಗನಿಗೆ ಓಂ ಬೀಚು.

ಅದಿರುಗಲ್ಲು: ಎರಡೂ ಒಂದೇ ಊರಾಗ ಅದಾವು, ಜಗಳ ಯಾಕ? ಬೆಳಿಗ್ಗೆ ಅಜ್ಜಿ ಜತಿ ಗುಡಿ, ಸಂಜಿಗೆ ಹುಡುಗನ ಜತಿ ಬೀಚು. ನಡುವಿನ ಬಿಸಿಲಿನಾಗ ಎಲ್ಲರೂ ಮಲಕ್ಕೊಳ್ರಿ. ಹೊಸಪೇಟೆ ಬಿಸಿಲು ತಡಕೊಂಡೋರು ನಾವು ಅನ್ನೋ ಜಂಬ ಇಲ್ಲಿ ನಡೆಯಂಗಿಲ್ಲ. ನಿಮ್ಮಲ್ಲಿ ಬೆವರು ಆರ್ತೈತಿ, ಇಲ್ಲಿ ಆರಂಗಿಲ್ಲ.

ಪ್ರಶ್ನೆ: ಈಜಿನ ವಿಷಯ? ನಮ್ಮ ಚಿಕ್ಕಪ್ಪ ಬಸವ ಕಾಲುವೆಯಲ್ಲಿ ಈಜು ಕಲಿತವರು.

ಅದಿರುಗಲ್ಲು: ಅಂಥ ಚಿಕ್ಕಪ್ಪನ್ನೇ ಮೊದಲು ಹಿಡಕೊಳ್ರಿ. ಕಾಲುವೆ ನೀರು ಒಂದೇ ದಿಕ್ಕಿಗೆ ಹೋಗ್ತೈತಿ, ಎರಡೂ ಕಡೆ ದಂಡಿ ಐತಿ. ಸಮುದ್ರ ಹಂಗಲ್ಲ. ಎರಡೂ ಮಗ್ಗುಲಾಗ ತೆರೆ ಒಡೀತಿದ್ದು ನಡುವೆ ನೀರು ಶಾಂತ ಕಾಣ್ತಿದ್ರ, ಇಲ್ಲಿ ಚಲೋ ಐತಿ ಅಂತ ಇಳೀತಾರ. ದಂಡಿಗೆ ಬಂದ ನೀರು ಒಳಕ್ಕ ಓಡೋ ದಾರಿನೇ ಅದು. ಅದರಾಗ ಸಿಕ್ಕರ ಎದುರು ಈಜಬ್ಯಾಡ್ರಿ, ದಂಡಿಗುಂಟ ಅಡ್ಡ ಈಜಿ ಹೊರಗ ಬಂದು ಆಮ್ಯಾಲೆ ದಂಡಿಗೆ ತಿರುಗ್ರಿ. ಜೀವರಕ್ಷಕ ಹುಡುಗ ಸೀಟಿ ಊದಿದ್ರ ನಮ್ಮೂರಿನ ಮೋಟರ್ ಸೈಕಲ್ಲಿನವರು ಪೊಲೀಸರ ಸೀಟಿಗೆ ಕೊಡೋ ಮರ್ಯಾದಿ ಕೊಡಬ್ಯಾಡ್ರಿ, ಮ್ಯಾಲೆ ಬರ್ರಿ.

ಪ್ರಶ್ನೆ: ನಿಮಗೆ ಊರಿಗೆ ಮರಳುವ ಆಸೆ ಇಲ್ಲವೇ? ಬರುವಾಗ ಡಿಕ್ಕಿಯಲ್ಲಿ ಜಾಗ ಮಾಡುತ್ತೇವೆ.

ಅದಿರುಗಲ್ಲು: ನಾನಿದ್ದ ಜಾಗದಾಗ ಈಗ ಗುಂಡಿ ಐತಿ. ಮತ್ತ ದಾರ್‍ಯಾಗ ಚೆಕ್‌ಪೋಸ್ಟಿನವರು ನಿಮ್ಮ ಡಿಕ್ಕಿ ತೆಗೆದ್ರ, ಒಂದು ಕಲ್ಲಿಗೆ ನಿಮ್ಮ ಮ್ಯಾಲೆ ಅಕ್ರಮ ಸಾಗಣೆ ಕೇಸು ಬೀಳ್ತೈತಿ. ಸಣ್ಣ ಪ್ರಮಾಣದಾಗ ಮಾಡಿದ್ರ ಸಿಕ್ಕಿಬೀಳ್ತಾರ ನೋಡ್ರಿ.

ಪ್ರಶ್ನೆ: ಕೊನೆಗೆ, ಯಾವ ತಿಂಗಳು ಬಂದರೆ ಒಳ್ಳೆಯದು?

ಅದಿರುಗಲ್ಲು: ಮೇ ಮುಗಿಯೋದರೊಳಗ ಬರ್ರಿ. ಅಂಕೋಲೆಯ ಕರಿ ಇಶಾಡ ಮಾವು ಅವಾಗ ಹಣ್ಣಾಗಿರ್ತೈತಿ. 2023ರಾಗ ಅದಕ್ಕ ಭೌಗೋಳಿಕ ಸೂಚಿ ಸಿಕ್ಕೈತಿ. ಮೀನು ತಿನ್ನೋರಿಗೂ ಅದೇ ಸಮಯ, ಯಾಕಂದ್ರ ಜೂನ್ 1ರಿಂದ ಜುಲೈ 31ರತನಕ ಯಾಂತ್ರಿಕ ದೋಣಿ ಕಡಲಿಗೆ ಇಳಿಯಂಗಿಲ್ಲ. ಮೀನು ಮೊಟ್ಟಿ ಇಟ್ಟು ಮರಿ ಬೆಳೀಲಿ ಅಂತ ವರ್ಷಕ್ಕ ಎರಡು ತಿಂಗಳು ರಜೆ ಕೊಡೋ ಕಾಯಿದೆ ಅದು. ಸಂಡೂರಿನ ಗುಡ್ಡಕ್ಕ ರಜೆ ಸಿಕ್ಕಿದ್ದು ಒಂದೇ ಸಲ, 2011ರ ಜುಲೈನಾಗ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದಾಗ. ಆಮ್ಯಾಲೆ ಷರತ್ತು, ಮಿತಿ ಹಾಕಿ ಗಣಿ ಹಂತಹಂತವಾಗಿ ಶುರು ಮಾಡಿಸಿದ್ರು. 2022ರ ಮೇನಾಗ ಅದೇ ಕೋರ್ಟು ಕರ್ನಾಟಕದ ಅದಿರನ್ನ ಹೊರದೇಶಕ್ಕ ಕಳಿಸಾಕೂ ಮತ್ತ ಅನುಮತಿ ಕೊಟ್ಟಿತು.